ಕಾಟಯ್ಯನ ಕೊಸರು

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ, ಕಡಲೆಕಾಯಿ ಗೋಡೌನಿನ ಪಕ್ಕಕ್ಕೆ, ಚಿತ್ರಲಿಂಗಪ್ಪ ಮೇಷ್ಟ್ರ ಹೆಂಚಿನ ಮನೆ. ಮೊದಲು ಅದರ ಮುಂದೆ ನೇತುಹಾಕಿದ್ದ ಬೋರ್ಡಿನಲ್ಲಿ ‘ಇಲ್ಲಿ ಬಾರಿನ ಕೆಲಸ ಕಲಿಸಲಾಗುವುದು’ ಎಂದು ಬರೆದಿತ್ತು. ಊರಿನ ಅರ್ಧ ಜನ ಅದನ್ನು ಓದಿ, ಇಲ್ಲಿ ಕುಡಿಯುವುದನ್ನು ಕಲಿಸುತ್ತಾರೆ ಎಂದೇ ತಿಳಿದುಕೊಂಡರು. “ನಂಗೆ ಸುಮಾರಾಗಿ ಬರ್ತೈತೆ ಮೇಷ್ಟ್ರೆ, ನೇರ ದೊಡ್ಡ ಕ್ಲಾಸಿಗೇ ಹಾಕ್ಕಳ್ರಿ” ಎಂದು ಸಾಯಂಕಾಲದ ಹೊತ್ತು ತೂರಾಡಿಕೊಂಡು ಬಂದವರೂ ಉಂಟು. ಮೇಷ್ಟ್ರ ಹೆಂಡತಿ ಚಂದ್ರಕ್ಕನಿಗೆ ನಲ್ಲಿಯ ಹತ್ತಿರ ತಲೆ ಎತ್ತುವ ಹಾಗಿರಲಿಲ್ಲ. ಹೆಂಗಸರು ಮಾತಾಡಿಸುವ ನೆಪದಲ್ಲಿ ಬಂದು ಬಾಯಿ ಮೂಸಿ ನೋಡುತ್ತಿದ್ದರಂತೆ. ಆಕೆ ಗಂಡನ ಜೊತೆ ಮಾತು ಬಿಟ್ಟಮೇಲೆ ಆ ಬೋರ್ಡು ಒಳಗೆ ಹೋಗಿ, ಬಣ್ಣ ಬಳಿಸಿಕೊಂಡು, ‘ಹೋಟೆಲ್ ಕೆಲಸದ ತರಬೇತಿ’ ಎಂದಾಗಿ ಹೊರಗೆ ಬಂತು.

ಅದು ಎಪ್ಪತ್ತರ ದಶಕದ ನಡುಗಾಲ. ಪಾನನಿಷೇಧ ಹೋಗಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನಿಂದ ಪೂನಾ ಕಡೆಗೆ ಹೋಗುವ ರಸ್ತೆಯಲ್ಲಿ ಲಾರಿಗಳು ಹೆಚ್ಚಾದಂತೆ, ಬಾಗಿಲಿಗೆ ಹೂವಿನ ಚಿತ್ರದ ಪರದೆ ಇಳಿಬಿಟ್ಟ ಬಾರುಗಳೂ ಅಲ್ಲೊಂದು ಇಲ್ಲೊಂದು ಹುಟ್ಟಿಕೊಳ್ಳುತ್ತಿದ್ದವು. ಅವುಗಳಲ್ಲಿ ನಿಂತು ಬಡಿಸುವವರಿಗೆ ಬಾಟಲಿಯ ಬಿರಡೆ ತೆಗೆಯುವುದೊಂದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಇದನ್ನು ನೋಡಿ ಮೇಷ್ಟ್ರಿಗೆ ಸಹಿಸಲಾಗುತ್ತಿರಲಿಲ್ಲ. ಯಾಕೆಂದರೆ ಅವರು ಮಿಲಿಟರಿಯ ಆಫೀಸರುಗಳ ಮೆಸ್ಸಿನಲ್ಲಿ ತಮ್ಮ ಪ್ರಾಯವನ್ನೆಲ್ಲ ಬಾರಿನ ಹಿಂದೆಯೇ ಕಳೆದವರು. ಮೇಜರುಗಳು ಕರ್ನಲ್‌ಗಳಾಗಿ, ಕರ್ನಲ್‌ಗಳು ಅಜ್ಜಂದಿರಾಗುವುದನ್ನು ಗ್ಲಾಸಿನ ಈಚೆ ಕಡೆಯಿಂದ ನೋಡಿದವರು. ಅವರು ರಿಟೈರಾಗಿ ಹೊರಟ ದಿನ ಮೆಸ್ಸಿನವರು, ಅವರು ದಿನವೂ ಹಿಡಿಯುತ್ತಿದ್ದ ಪೆಗ್ ಅಳತೆಯನ್ನೇ ಬೆಳ್ಳಗೆ ಹೊಳೆಯುವಂತೆ ಉಜ್ಜಿಸಿ ಕೈಗಿತ್ತಿದ್ದರು. ಮೊಟ್ಟೆ ಇಡುವ ಬಟ್ಟಲಿನಷ್ಟು ದೊಡ್ಡದು, ಅಷ್ಟೆ. ಮೇಷ್ಟ್ರು ಅದನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದರು. ಸಾಯಂಕಾಲ ಮಾತ್ರ ಹೊರಗೆ ತೆಗೆದು, ಮಿಲಿಟರಿ ಕ್ಯಾಂಟೀನಿನ ರಮ್ಮನ್ನು ಒಂದೇ ಒಂದು ಅಳತೆ ತಮಗೆ ಹಾಕಿಕೊಳ್ಳುತ್ತಿದ್ದರು. ಹಬ್ಬವಿರಲಿ, ಬೀಗರು ಬಂದಿರಲಿ, ಮೈ ಬೆಚ್ಚಗಿರಲಿ, ಅಂಚಿಗೆ ಸರಿಯಾಗಿ ಒಂದು. ತಮ್ಮ ಲೋಟಕ್ಕೂ ಒಂದು ಹನಿ ಹೆಚ್ಚು ಸುರಿದುಕೊಂಡವರಲ್ಲ.

ಶಾಲೆಯಲ್ಲಿ ನಿಜವಾದ ಮದ್ಯ ಹನಿಯೂ ಇರುತ್ತಿರಲಿಲ್ಲ. ಚಂದ್ರಕ್ಕನ ಷರತ್ತು ಅದು, ಮೇಷ್ಟ್ರ ಮರ್ಜಿಯೂ ಅದೇ. ಟೀ ಡಿಕಾಕ್ಷನ್ ವಿಸ್ಕಿ, ಬೆಲ್ಲದ ನೀರು ರಮ್ಮು, ಬರೀ ನೀರು ಜಿನ್ನು. ಬಂದವರಿಗೆ ಮೊದಲು ಗ್ಲಾಸು ತೊಳೆಯುವುದು. ತೊಳೆದದ್ದನ್ನು ಒರೆಸಿ ಬೆಳಕಿಗೆ ಹಿಡಿದು ನೋಡುವುದು. ಬೆರಳಿನ ಗುರುತು ಕಂಡರೆ ಮತ್ತೆ ತೊಳೆಯುವುದು. ಅದು ಕೈಗೆ ಹತ್ತಿದ ಮೇಲೆ ಅಳೆಯುವುದು. ಆಗ ಶಾಲೆಯಲ್ಲಿದ್ದವರು ಇಬ್ಬರೇ. ತಾಳ್ಯದ ಕಡೆಯ ಜಂಪಣ್ಣ ಒಬ್ಬ. ಮೇಷ್ಟ್ರು ಏನಂದರೂ ಹೂಂ ಅನ್ನುವ ಪ್ರಾಣಿ. ಇನ್ನೊಬ್ಬ ಹಿರಿಯೂರಿನ ಆಚೆ ಗೊಲ್ಲರ ಹಟ್ಟಿಯ ಕಾಟಯ್ಯ. ನಮ್ಮ ಕತೆಯ ತಕರಾರೆಲ್ಲ ಈ ಕಾಟಯ್ಯನದು.

ಹುಡುಗ ಚುರುಕು. ಅವನು ಒರೆಸಿಟ್ಟ ಗ್ಲಾಸಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಯಾರು ಏನು ಕೇಳಿದರು, ಯಾರಿಗೆ ಸೋಡಾ, ಯಾರಿಗೆ ನೀರು ಅನ್ನುವುದನ್ನು ಒಂದು ಸಲ ಕೇಳಿದರೆ ಮರೆಯುತ್ತಿರಲಿಲ್ಲ. ಸುರಿಯುವಾಗ ಕೈ ನಡುಗುತ್ತಿರಲಿಲ್ಲ. ಆದರೆ ಅಳತೆಯನ್ನು ಅಂಚಿನವರೆಗೆ ತುಂಬಿ, ಗ್ಲಾಸಿಗೆ ಬಗ್ಗಿಸಿ, ಇನ್ನು ಕೈ ಹಿಂದಕ್ಕೆ ಬರಬೇಕು ಅನ್ನುವಾಗ, ಅವನ ಎಡಗೈಯ ಬಾಟಲಿ ತಾನಾಗಿ ಇನ್ನೊಂದು ಸಲ ಬಗ್ಗುತ್ತಿತ್ತು. ಗ್ಲಾಸಿಗೆ ಒಂದಿಷ್ಟು ಮೇಲೆ ಬೀಳುತ್ತಿತ್ತು. ಹಾಲಿನವರು ಪಾವು ಅಳೆದ ಮೇಲೆ ಮೇಲಷ್ಟು ಹಾಕುತ್ತಾರಲ್ಲ, ಸೊಪ್ಪಿನವರು ಕಟ್ಟಿನ ಮೇಲೆ ನಾಲ್ಕು ಎಳೆ ಇಡುತ್ತಾರಲ್ಲ, ಆ ಕೊಸರು. ಕಾಟಯ್ಯನ ಅವ್ವ ಚಿತ್ತಮ್ಮ ಹಿರಿಯೂರಿನ ಬೀದಿಗಳಿಗೆ ವರ್ತನೆ ಹಾಲು ಹಾಕುವವಳು. ಮಗನ ಕೈಗೆ ಆ ಕೊಸರು ಹುಟ್ಟಿನಿಂದಲೇ ಅಂಟಿತ್ತು.

ಮೇಷ್ಟ್ರು ಮೊದಲು ನಕ್ಕರು, ಆಮೇಲೆ ತಿದ್ದಿದರು, ಆಮೇಲೆ ಬೈದರು, ಕೊನೆಗೆ ಮರದ ಸೌಟಿನಿಂದ ಮಣಿಕಟ್ಟಿಗೆ ತಟ್ಟಿಯೂ ನೋಡಿದರು. ಕೈ ಕೇಳಲಿಲ್ಲ. ಅವರನ್ನು ಇನ್ನೂ ಉರಿಸುತ್ತಿದ್ದದ್ದು ಏನೆಂದರೆ, ಆ ಕೊಸರು ಯಾವಾಗಲೂ ಒಂದೇ ಅಳತೆಯದು. ಟೀ ನೀರಾಗಲಿ, ಬೆಲ್ಲದ ನೀರಾಗಲಿ, ಬೆಳಿಗ್ಗೆಯಾಗಲಿ, ಸಂಜೆಯಾಗಲಿ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ತಪ್ಪನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡುವ ಹುಡುಗನನ್ನು ಅವರು ನೋಡಿರಲಿಲ್ಲ.

ಹಾಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ಹಿರಿಯೂರಿನ ಲಾರಿ ಮಾಲೀಕ ಮುರುಗಪ್ಪ, ಯುಗಾದಿಗೆ ಅಲ್ಲಿ ಬಾರು ತೆರೆಯುತ್ತೇನೆಂದು ಹೇಳಿ ಮೇಷ್ಟ್ರನ್ನು ಹುಡುಕಿಕೊಂಡು ಬಂದ. “ನೀವು ಯಾರನ್ನ ತೋರಿಸ್ತೀರೋ ಅವರನ್ನೇ ನಿಲ್ಲಿಸ್ತೀನಿ ಮೇಷ್ಟ್ರೆ. ನಿಮ್ಮ ಮಾತು ಸಾಕು. ಇಲ್ಲ ಅಂದ್ರೆ ದಾವಣಗೆರೆಯಿಂದ ಒಬ್ಬನ್ನ ಕರಕಂಡು ಬರ್ತೀನಿ” ಎಂದು ಹೇಳಿ ಹೋದ. ಕಾಟಯ್ಯ ಇದನ್ನು ಗ್ಲಾಸು ಒರೆಸುತ್ತ ಕೇಳಿಸಿಕೊಂಡಿದ್ದ. ಅವನಿಗೆ ಅವತ್ತಿನಿಂದ ಅದೊಂದೇ ಧ್ಯಾನ. ಬಾರು ಹಿರಿಯೂರಿನಲ್ಲಿ. ಹಟ್ಟಿಯಿಂದ ಸೈಕಲ್ಲಿನಲ್ಲಿ ಹೋಗಿ ಬರಬಹುದು. ಅವ್ವನ ಮಂಡಿ ಊದಿಕೊಂಡು ವರ್ಷವಾಗಿತ್ತು. ಆದರೂ ಅವಳು ಬೆಳಗಾಗುತ್ತಲೇ ಹಾಲಿನ ಬಿಂದಿಗೆ ತಲೆಯ ಮೇಲಿಟ್ಟುಕೊಂಡು ಊರಿಗೆ ನಡೆಯುತ್ತಿದ್ದಳು. ತನಗೆ ಕೆಲಸ ಸಿಕ್ಕಿದರೆ ಆ ಬಿಂದಿಗೆ ಇಳಿಸಬಹುದು ಎಂದು ಅವನ ಆಸೆ.

ದಿನ ಕಳೆದರೂ ಮೇಷ್ಟ್ರು ಮುರುಗಪ್ಪನ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಮಧ್ಯಾಹ್ನ ಕಾಟಯ್ಯನೇ ಕೇಳಿದ.

“ಮೇಷ್ಟ್ರೆ, ಮುರುಗಪ್ಪನೋರಿಗೆ ನನ್ನ ಹೆಸರು ಯಾವಾಗ ಹೇಳ್ತೀರಿ?”

“ನೀನು ತಯಾರಾದಾಗ.”

“ಯಾವಾಗ ತಯಾರಾಗ್ತೀನಿ?”

“ನನ್ನ ಯಾಕೆ ಕೇಳ್ತೀಯ? ನಿನ್ನ ಕೈಯ್ಯ ಕೇಳು.”

ಕಾಟಯ್ಯ ಹಿಡಿದಿದ್ದ ಗ್ಲಾಸನ್ನು ಮೇಜಿನ ಮೇಲಿಟ್ಟ. ಸಿಟ್ಟಿನಲ್ಲೂ ಸದ್ದಾಗದಂತೆ ಇಟ್ಟ. ಅಷ್ಟು ಕಲಿತಿದ್ದ. “ಏನು ಕಲಿಸೀರಿ ಅಂತ ಕೈಯ್ಯ ಕೇಳ್ಲಿ ಮೇಷ್ಟ್ರೆ? ಬಂದಾಗಿಂದ ಟೀ ನೀರು, ಬೆಲ್ಲದ ನೀರು, ಬರೇ ನೀರು. ನೀರು ಅಳೆಯಾದು ಕಲಿಯಾಕೆ ದುರ್ಗಕ್ಕೆ ಯಾಕೆ ಬರಬೇಕಿತ್ತು? ನಮ್ಮ ಮಾರಿಕಣಿವೆ ಡ್ಯಾಮು ಇರ್ಲಿಲ್ವಾ?”

ಜಂಪಣ್ಣನಿಗೆ ನಗು ಬಂತು. ಮೇಷ್ಟ್ರ ಮುಖ ನೋಡಿ ಅದನ್ನು ಕೆಮ್ಮಾಗಿ ಮಾರ್ಪಡಿಸಿಕೊಂಡ.

“ನೀರನ್ನೇ ಸರಿಯಾಗಿ ಅಳೆಯಾಕೆ ಬರದೋನಿಗೆ ವಿಸ್ಕಿ ಕೊಡ್ಲೇನೋ?” ಮೇಷ್ಟ್ರ ದನಿ ಏರಿತು. “ಆ ಕೊಸರು ಬಿಡು, ಇವತ್ತೇ ಮುರುಗಪ್ಪನಿಗೆ ಹೇಳಿ ಕಳಿಸ್ತೀನಿ.”

“ಅದು ಬಿಡಾಕೆ ಆಗಲ್ಲ ಮೇಷ್ಟ್ರೆ. ಅಳತೆ ಮುಗೀತು ಅಂತ ಕೈ ಹಿಂದಕ್ಕೆ ಎಳ್ಕಂಡ್ರೆ ಕೊಟ್ಟಂಗಾಗಲ್ಲ, ಕಿತ್ಕಂಡಂಗಾಗ್ತೈತೆ. ಎದುರಿಗಿರೋರ ಮುಖ ಹೆಂಗೆ ನೋಡಾದು?”

“ಮುಖ ನೋಡಾಕೆ ನಿನ್ನ ಅಲ್ಲಿ ನಿಲ್ಲಿಸ್ತಾರಾ? ಬಾಟ್ಲು ಯಾರದು? ಯಜಮಾನಂದು. ಅವನ ಮಾಲಿನಾಗೆ ನೀನು ದೊಡ್ಡ ಮನುಷ್ಯ ಆಗ್ತೀಯ? ಅದಕ್ಕೆ ಕಳ್ಳತನ ಅಂತಾರೆ ಕಣೋ! ಅಷ್ಟು ಕೊಸರು ಹಾಕೋ ಚಟ ಇದ್ರೆ ನಿನ್ನದ್ರಾಗೆ ಹಾಕು, ಇನ್ನೊಬ್ಬರದ್ರಾಗೆ ಅಲ್ಲ!”

ಕಳ್ಳತನ ಅನ್ನುವ ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಹೆಕ್ಕಿಕೊಳ್ಳುವ ಹಾಗಿರಲಿಲ್ಲ. ಕಾಟಯ್ಯನ ಮುಖ ಕಪ್ಪಿಟ್ಟಿತು. ಹೆಗಲ ಮೇಲಿನ ಒರೆಸುವ ಬಟ್ಟೆಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಹೊರಗೆ ನಡೆದುಬಿಟ್ಟ. ಮೇಷ್ಟ್ರು ಹೋಗಲಿ ಬಿಡು ಎಂದು ಜಂಪಣ್ಣನ ಕಡೆ ತಿರುಗಿ, ಅವನು ಮಾಡದ ತಪ್ಪಿಗೆ ಅವನನ್ನು ಬೈದರು.

ಕಾಟಯ್ಯ ಊರು ಬಿಟ್ಟು ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಲೋಟ ತೊಳೆಯಲು ನಿಂತ. ಅಲ್ಲಿ ಟೀ ಕುಡಿಯಲು ಬಂದವರಿಗೆಲ್ಲ ಮೇಷ್ಟ್ರದು ನೀರಿನ ಸ್ಕೂಲು ಎಂದು ಹೇಳತೊಡಗಿದ. ಚಿತ್ರದುರ್ಗದವರಿಗೆ ಇಂಥದೊಂದು ಹೆಸರು ಸಿಕ್ಕಿದರೆ ಸಾಕು, ಬಿಡುತ್ತಾರೆಯೇ? ಮೇಷ್ಟ್ರು ಪೇಪರು ತರಲು ಹೊರಟರೆ, “ಏನ್ ಮೇಷ್ಟ್ರೆ, ಇವತ್ತು ನೀರು ಎಷ್ಟು ಪೆಗ್ಗು?” ಎಂದು ಕಟಿಂಗ್ ಶಾಪಿನಿಂದ ಒಬ್ಬ ಕೂಗಿದ. ಸೇರುತ್ತೇನೆಂದು ಹೇಳಿದ್ದ ಭೀಮಸಮುದ್ರದವನೊಬ್ಬ ಮತ್ತೆ ಮುಖ ತೋರಿಸಲಿಲ್ಲ. ಜಂಪಣ್ಣ ಕೂಡ ಒಂದು ದಿನ ಬೆಲ್ಲದ ನೀರನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, “ಮೇಷ್ಟ್ರೆ, ನಿಜವಾದ ರಮ್ಮೂ ಹಿಂಗೇ ಇರ್ತೈತಾ?” ಎಂದು ಕೇಳಿದ.

ಮೇಷ್ಟ್ರಿಗೆ ರಾತ್ರಿ ಊಟ ಸೇರಲಿಲ್ಲ. ಅವಮಾನ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ತಮ್ಮ ಕೈಕೆಳಗೆ ಬಂದವರಲ್ಲಿ ನಿಜವಾಗಿ ಆ ಕೆಲಸಕ್ಕೆ ಹುಟ್ಟಿದ ಹುಡುಗ ಅವನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ಯುಗಾದಿ ಹತ್ತಿರ ಬರುತ್ತಿತ್ತು. ತಾವು ಒಂದು ಮಾತು ಹೇಳಿದರೆ ಹುಡುಗನ ಬಾಳು ನೇರವಾಗುತ್ತದೆ. ಹೇಳಿ, ಆಮೇಲೆ ಮುರುಗಪ್ಪನ ಬಾಟಲಿಗಳು ತಿಂಗಳ ಕೊನೆಗೆ ಕಮ್ಮಿ ಬಿದ್ದರೆ? ಪ್ರಾಯವೆಲ್ಲ ಸವೆಸಿ ಸಂಪಾದಿಸಿದ್ದು ಆ ಒಂದು ಮಾತಿನ ತೂಕವನ್ನೇ. ಅದನ್ನು ಸುಳ್ಳಿಗೆ ಕೊಡಲು ಅವರಿಂದಾಗದು.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ಸೊಪ್ಪಿನವಳು ಬಂದಳು. ಚಂದ್ರಕ್ಕ ಹರಿವೆ ಸೊಪ್ಪಿನ ಕಟ್ಟು ತೆಗೆದುಕೊಂಡು, ಇನ್ನೂ ಬುಟ್ಟಿ ಬಿಡದೆ, “ಕೊಸರು ಎಲ್ಲವ್ವ?” ಎಂದು ದಬಾಯಿಸಿ ಇನ್ನೊಂದು ಹಿಡಿ ಎಳೆದುಕೊಂಡಳು. ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರಿಗೆ ರೇಗಿತು.

“ಕಟ್ಟಿಗೆ ಇಷ್ಟು ಅಂತ ಮಾತಾಡಿದ ಮೇಲೆ ಮುಗೀತಲ್ಲ. ಮೇಲೆ ಯಾಕೆ ಕಿತ್ಕಂತೀಯ?”

“ಕಿತ್ಕಂಡ್ನಾ? ಅವಳು ಕೊಟ್ಲು, ನಾನು ಇಸ್ಕಂಡೆ. ಕೊಸರು ಹಾಕದೋರ ಹತ್ರ ಎರಡನೇ ಸಲ ಯಾರ್ರೀ ಹೋಗ್ತಾರೆ?” ಎಂದಳು ಚಂದ್ರಕ್ಕ. ಆಮೇಲೆ ಗಂಡನ ಮುಖ ನೋಡಿ ಅವಳ ದನಿ ಮೆತ್ತಗಾಯಿತು. “ಆ ಹುಡುಗನ ವಿಚಾರ ತಾನೆ? ಇಲ್ಲಿ ಕುಂತು ಹಲ್ಲು ಕಡಿಯೋ ಬದಲು ಅವರವ್ವನ್ನ ಕಂಡು ಬರ್ರಿ. ನಿಮ್ಮ ಮಾತು ಕೇಳ್ದಿದ್ರೆ ಹೆತ್ತೋಳ ಮಾತು ಕೇಳ್ತಾನೆ.”

ಇದು ಮೇಷ್ಟ್ರಿಗೆ ಸರಿಯೆನ್ನಿಸಿತು. ಇಸ್ತ್ರಿ ಶರಟು ಹಾಕಿಕೊಂಡು, ಹಿರಿಯೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಚಿತ್ತಮ್ಮನಿಗೆ ಹೇಳಬೇಕಾದ ಮಾತುಗಳನ್ನು ಬಾಯಲ್ಲೇ ಹೇಳಿಕೊಂಡರು. ನೋಡವ್ವ, ನಿನ್ನ ಮಗನಿಗೆ ಯಜಮಾನನ ಮಾಲಿನ ಮೇಲೆ ಭಯವಿಲ್ಲ. ಇಂಥ ಕೈ ಇಟ್ಟುಕೊಂಡು ಎಲ್ಲೂ ಬಾಳಲಾರ. ಹೀಗೆ ಶುರುಮಾಡುವುದೆಂದು ನಿಶ್ಚಯಿಸಿದರು. ಹಿರಿಯೂರಿನಲ್ಲಿ ಇಳಿದು, ಕೇಳಿಕೊಂಡು, ಜಾಲಿ ಗಿಡಗಳ ನಡುವಿನ ಗಾಡಿ ದಾರಿಯಲ್ಲಿ ನಡೆದು ಹಟ್ಟಿಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು.

ಮುಳ್ಳುಬೇಲಿಯ ಒಳಗೆ ಚಿತ್ತಮ್ಮ ಗುಡಿಸಲ ಮುಂದೆ ಕಾಲು ಚಾಚಿಕೊಂಡು ಕೂತಿದ್ದಳು. ಆಗತಾನೆ ಹಾಲು ಕರೆದು ಬಿಂದಿಗೆ ಮುಂದಿಟ್ಟುಕೊಂಡಿದ್ದಳು. ಮೇಷ್ಟ್ರು ತಾವು ಯಾರೆಂದು ಹೇಳಿದರು. ಅವಳು ಗಡಬಡಿಸಿ ಏಳಲು ಹೋಗಿ, ಮಂಡಿ ಹಿಡಿದುಕೊಂಡು ಮತ್ತೆ ಕೂತಳು.

“ಬರ್ರಣ್ಣ, ಬರ್ರಿ, ಕುಂತ್ಕಳ್ರಿ. ನನ್ ಮಗ ನಿಮ್ಮ ಹೆಸರು ಹೇಳದೆ ಉಣ್ಣಲ್ಲ. ನಮ್ಮ ಮೇಷ್ಟ್ರು ಒರೆಸಿದ ಗ್ಲಾಸಿನಾಗೆ ಆಕಾಶ ಕಾಣ್ತೈತೆ ಅಂತಿದ್ದ. ಹೆಂಡದ ಕೆಲಸ ಕಲಿಯಾಕೆ ಹೋಗವ್ನೆ ಅಂತ ಹಟ್ಟಿ ಜನ ಮೂಗು ಮುರಿದ್ರು. ಕುಡಿಯೋನಾಗದೆ ಕೊಡೋನಾದ್ರೆ ಸಾಕು ಬಿಡ್ರಿ ಅಂದೆ.” ಅವಳ ಮುಖದಲ್ಲಿ ಇದ್ದಕ್ಕಿದ್ದಂತೆ ಗಾಬರಿ ಕಂಡಿತು. “ಏನಾದ್ರೂ ತಪ್ಪು ಮಾಡಿದ್ನಾ?”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಮೇಷ್ಟ್ರು ಇನ್ನೂ ಶುರುಮಾಡಿರಲಿಲ್ಲ. ಅಷ್ಟರಲ್ಲಿ ಸಂಜೆಯ ಹಾಲಿಗೆಂದು ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಚೊಂಬು ಹಿಡಿದು ಬಂದರು. ಒಂದು ಗಳಿಗೆ ಕುಂತಿರ್ರಿ ಎಂದು ಹೇಳಿ ಚಿತ್ತಮ್ಮ ಅಳೆಯಲು ತೊಡಗಿದಳು. ಪಾವಿನಲ್ಲಿ ಹಾಲು ಮೊಗೆದು, ಚೊಂಬಿಗೆ ಸುರಿದು, ಕೈ ಹಿಂದೆ ಬರುವ ಮೊದಲು ಇನ್ನೊಂದಿಷ್ಟು ಮೊಗೆದು ಮೇಲೆ ಹಾಕಿದಳು. ಮಗನ ಕೈಯ ಅದೇ ಬಳುಕು. ಮೇಷ್ಟ್ರು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡರು. ಕಾಯಿಲೆಯ ಬೇರು ಇಲ್ಲೇ ಇದೆ!

ಎರಡನೆಯವಳಿಗೆ ಅಳೆಯುವಾಗ ಅವರ ಕಣ್ಣು ಪಾವಿನ ಅಂಚಿನ ಮೇಲೆ ಬಿತ್ತು. ಅವರದು ಸಾಮಾನ್ಯ ಕಣ್ಣಲ್ಲ, ದೂರದಿಂದಲೇ ಗ್ಲಾಸಿನಲ್ಲಿ ಎಷ್ಟಿದೆ ಎಂದು ಹೇಳುವ ಕಣ್ಣು. ಪಾವು ತುಂಬಿರಲಿಲ್ಲ. ಅಂಚಿಗೆ ಒಂದು ಬೆರಳು ಕೆಳಗೆ ಹಾಲು ನಿಂತಿತ್ತು. ಅದನ್ನು ಸುರಿದ ಮೇಲೆ ಬಿದ್ದ ಕೊಸರು ಆ ಒಂದು ಬೆರಳಿನಷ್ಟೇ. ಮೂರನೆಯವಳಿಗೂ ಹಾಗೆಯೇ. ಕೊಸರು ಸೇರಿ ಒಂದು ಪಾವು, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ಹೆಂಗಸರು ಮಾತ್ರ ಏನೋ ಹೆಚ್ಚಿಗೆ ಸಿಕ್ಕಿದ ಹಾಗೆ ಮುಖ ಅರಳಿಸಿಕೊಂಡು ಹೋದರು.

ಎಲ್ಲರೂ ಹೋಗುವುದನ್ನೇ ಕಾದು ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು. “ತಾಯಿ, ಇದನ್ನ ಯಾರು ಕಲಿಸಿದ್ರು?”

ಚಿತ್ತಮ್ಮನಿಗೆ ಸಿಕ್ಕಿಬಿದ್ದೆ ಅನ್ನಿಸಿ ನಾಚಿಕೆಯಾಯಿತು, ಆಮೇಲೆ ನಗು ಬಂತು. “ನಿಮ್ಮ ಕಣ್ಣಿಗೆ ಬಿತ್ತಾ? ಇಷ್ಟು ವರ್ಷದಾಗೆ ಯಾರೂ ನೋಡಿರ್ಲಿಲ್ಲ. ನಮ್ಮತ್ತೆ ತೋರಿಸಿಕೊಟ್ಟಿದ್ದು. ಅಳತೇನೂ ಕೆಡಬಾರದು, ಇಸ್ಕಳೋರ ಮನಸೂ ತುಂಬಬೇಕು ಅಂತಿದ್ಲು.”

“ಕಾಟಯ್ಯಂಗೆ ಇದು ಗೊತ್ತಾ?”

“ಇಲ್ಲಣ್ಣ. ಅವನ್ನ ಸಣ್ಣೋನಿದ್ದಾಗ ಹಾಲು ಹಾಕಾಕೆ ಕಳಿಸಿದ್ರೆ, ಪಾವಿನ ತುಂಬ ಅಳೆಯೋನು, ಅದರ ಮೇಲೆ ಕೊಸರೂ ಹಾಕೋನು. ಕೊನೇ ಮನೆಗೆ ಹಾಲೇ ಇರ್ತಿರ್ಲಿಲ್ಲ. ಏನ್ ಮಾಡ್ಲಿ? ಮಾರನೇ ದಿನದಿಂದ ಒಂದು ಚೊಂಬು ಹೆಚ್ಚಿಗೆ ಹುಯ್ದು ಕಳಿಸ್ತಿದ್ದೆ.”

“ಗುಟ್ಟು ಹೇಳಿಬಿಟ್ಟಿದ್ರೆ ಆಗ್ತಿತ್ತಲ್ಲ!”

“ಹೇಳಬೋದಿತ್ತು.” ಚಿತ್ತಮ್ಮ ಪಾವನ್ನು ತೊಳೆದು ಬೋರಲು ಹಾಕಿದಳು. “ಕೊಸರು ಹಾಕುವಾಗ ಅವನ ಮುಖ ನೋಡೀರಾ? ಲೆಕ್ಕ ಹೇಳಿಕೊಟ್ಟು ಆ ಮುಖ ಕೆಡಿಸಾಕೆ ನಂಗೆ ಮನಸು ಬರ್ಲಿಲ್ಲ.”

ಮೇಷ್ಟ್ರು ನೋಡಿರಲಿಲ್ಲ. ಅಷ್ಟು ತಿಂಗಳು ಅವರು ನೋಡಿದ್ದು ಹುಡುಗನ ಕೈಯನ್ನು ಮಾತ್ರ. ಇದು ನೆಟ್ಟಗೆ ಅವರ ಎದೆಗೇ ತಾಗಿತು. ನಿಮ್ಮ ಮಗ ಏನೂ ತಪ್ಪು ಮಾಡಿಲ್ಲ, ಒಳ್ಳೆಯ ಹುಡುಗ, ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣವೆಂದು ಬಂದೆ ಎಂದು ಏನೇನೋ ಹೇಳಿ, ಅವಳು ಕೊಟ್ಟ ಹಾಲು ಕುಡಿದು ಎದ್ದರು. ಅವರ ಲೋಟಕ್ಕೂ ಕೊಸರು ಬಿದ್ದಿತ್ತು.

ಮನೆಗೆ ಬಂದವರೇ ಫ್ಲಾನೆಲ್ ಬಿಚ್ಚಿ ಮೆಸ್ಸಿನ ಅಳತೆಯನ್ನು ಹೊರಗೆ ತೆಗೆದರು. ಚಂದ್ರಕ್ಕನ ಎಲೆಯಡಿಕೆ ಕುಟ್ಟಾಣಿಯ ಕೋಲನ್ನೂ ತೆಗೆದುಕೊಂಡರು. ಅಳತೆಯನ್ನು ಬೋರಲು ಹಾಕಿ, ಒಂದು ಸಲ ಕಣ್ಣು ಮುಚ್ಚಿಕೊಂಡು, ತಳದ ನಟ್ಟನಡುವೆ ಒಂದು ಏಟು ಹಾಕಿದರು. ಒಳಗಿನಿಂದ ಬಂದ ಚಂದ್ರಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅದನ್ನು ಮುಟ್ಟಿದ್ದಕ್ಕೆ ಬೆಕ್ಕಿಗೂ ಬೈಗುಳ ಬಿದ್ದಿದ್ದ ಮನೆ ಅದು.

“ರೀ, ಏನಾಗೈತೆ ನಿಮಗೆ?”

“ಏನೂ ಆಗಿಲ್ಲ. ನೀರು ತಗೊಂಡು ಬಾ.”

ತಳ ಒಳಕ್ಕೆ ಸ್ವಲ್ಪ ಉಬ್ಬಿತ್ತು. ಮೇಷ್ಟ್ರು ಅದರಲ್ಲಿ ನೀರು ತುಂಬಿ ಗ್ಲಾಸಿಗೆ ಸುರಿದರು. ಕಾಟಯ್ಯನ ಕೊಸರು ಎಷ್ಟಿರುತ್ತದೆಂದು ಅವರ ಕಣ್ಣಲ್ಲಿ ಅಚ್ಚೊತ್ತಿತ್ತು, ಅದನ್ನೂ ಮೇಲೆ ಹಾಕಿದರು. ಆಮೇಲೆ ಅಷ್ಟನ್ನೂ ಹುಡುಗರು ಕಲಿಯಲು ಇಟ್ಟಿದ್ದ ಅಲ್ಯೂಮಿನಿಯಂ ಪೆಗ್ ಅಳತೆಗೆ ಬಗ್ಗಿಸಿ ನೋಡಿದರು. ಚೂರು ಹೆಚ್ಚಾಗಿ ಉಕ್ಕಿತು. ಇನ್ನೊಂದು ಏಟು. ಮತ್ತೆ ನೀರು, ಮತ್ತೆ ಏಟು. ಪ್ರತಿ ಏಟಿಗೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು, ಚಂದ್ರಕ್ಕ ನೋಡಲಾರದೆ ಒಳಗೆ ಹೋದಳು. ಕೊನೆಗೆ ನೀರು ಅಲ್ಯೂಮಿನಿಯಂ ಅಳತೆಯ ಅಂಚಿಗೆ ಬಂದು ಹಾಗೆಯೇ ನಿಂತಿತು. ಮೇಷ್ಟ್ರು ಉಸಿರು ಬಿಟ್ಟು ಕುಟ್ಟಾಣಿ ಕೋಲನ್ನು ಕೆಳಗಿಟ್ಟರು.

ಬೆಳಿಗ್ಗೆ ನೇರವಾಗಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋದರು. ನೀರಿನ ಸ್ಕೂಲಿನ ಮೇಷ್ಟ್ರೇ ಬಂದರೆಂದು ಟೀ ಕುಡಿಯುತ್ತಿದ್ದವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಕಾಟಯ್ಯ ಲೋಟ ತೊಳೆಯುತ್ತ ತಲೆ ತಗ್ಗಿಸಿದ.

“ಲೇ, ಮುಗೀತಾ ನಿನ್ನ ಭಾಷಣ?” ಎಂದರು ಮೇಷ್ಟ್ರು. “ಕಳ್ಳತನ ಅಂತ ಅಂದಿದ್ದು ತಪ್ಪಾತು. ಎಲ್ಲರ ಎದುರಿಗೇ ಹೇಳ್ತಿದೀನಿ. ನಡಿ ಹೋಗಾಣ. ಹೇಳಿ ಕಳಿಸೀನಿ, ನಾಳೆ ಮುರುಗಪ್ಪ ಬರ್ತಾನೆ.”

ಕಾಟಯ್ಯನಿಗೆ ನಂಬಿಕೆ ಬರಲಿಲ್ಲ. “ಕೊಸರು?”

“ಹಾಕು.”

“ಏನಂದ್ರಿ?”

“ಕಿವಿ ಕೇಳ್ಸಲ್ವೇನೋ? ಹಾಕು ಅಂದೆ. ಆದ್ರೆ ನಾನು ಕೊಡೋ ಅಳತೆಲೇ ಅಳೀಬೇಕು. ಬೇರೇದು ಮುಟ್ಟಂಗಿಲ್ಲ.”

ಮುರುಗಪ್ಪ ಬರುವಾಗ ಸೀಲು ಒಡೆಯದ ವಿಸ್ಕಿ ಬಾಟಲಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಚಂದ್ರಕ್ಕ ಅವತ್ತಿನ ಮಟ್ಟಿಗೆ ತನ್ನ ಷರತ್ತು ಸಡಿಲಿಸಿ ತಂಗಿಯ ಮನೆಗೆ ಹೋದಳು. ಇಡೀ ಬಾಟಲಿಯನ್ನು ಪೆಗ್ಗುಗಳಾಗಿ ಗ್ಲಾಸುಗಳಿಗೆ ಹಾಕಬೇಕು, ಲೆಕ್ಕ ಸರಿಬೀಳಬೇಕು, ಅದೇ ಪರೀಕ್ಷೆ. ಕಾಟಯ್ಯ ಮೇಷ್ಟ್ರು ಕೊಟ್ಟ ಅಳತೆಯನ್ನು ಬಟ್ಟೆಯಿಂದ ಒಳಗೂ ಹೊರಗೂ ಒರೆಸಿದ. ಒರೆಸುವಾಗ ಅವನ ಬೆರಳು ಒಂದು ಕ್ಷಣ ನಿಂತ ಹಾಗಾಯಿತು. ಆಮೇಲೆ ಮೊದಲನೆಯ ಗ್ಲಾಸಿಗೆ ಅಳೆದ, ಕೊಸರು ಹಾಕಿದ. ಮುರುಗಪ್ಪ ಬೆಚ್ಚಿಬಿದ್ದು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಸುಮ್ಮನಿರು ಎಂದು ಕೈ ಮಾಡಿದರು. ಗ್ಲಾಸಿನ ಮೇಲೆ ಗ್ಲಾಸು, ಕೊಸರಿನ ಮೇಲೆ ಕೊಸರು. ಮೇಷ್ಟ್ರು ಈ ಸಲ ಕೈ ನೋಡಲಿಲ್ಲ, ಹುಡುಗನ ಮುಖ ನೋಡಿದರು. ಮನೆಗೆ ಬಂದವರಿಗೆ ಇನ್ನೊಂದು ತುತ್ತು ಬಡಿಸುವವರ ಮುಖ ಅದು. ಬಾಟಲಿ ಬರಿದಾದಾಗ ಲೆಕ್ಕ ಇರಬೇಕಾದಲ್ಲಿಯೇ ಇತ್ತು.

“ಇದೇನ್ ಕಣ್ಕಟ್ಟಪ್ಪ ಇದು?” ಎಂದು ಮುರುಗಪ್ಪ ಗ್ಲಾಸುಗಳನ್ನು ಮತ್ತೆ ಎಣಿಸಿದ. “ಪ್ರತಿಯೊಂದಕ್ಕೂ ಮೇಲೆ ಹಾಕಿದ್ದನ್ನ ಕಣ್ಣಾರೆ ಕಂಡೀನಿ!”

“ಕೈಗುಣ,” ಎಂದರು ಮೇಷ್ಟ್ರು. “ಇವನನ್ನ ಕರ್ಕಂಡು ಹೋಗು. ನನ್ನ ಮಾತು.”

ಯುಗಾದಿಗೆ ಬಾರು ಶುರುವಾಯಿತು. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಮೇಷ್ಟ್ರು ಚಂದ್ರಕ್ಕನನ್ನು ಕರೆದುಕೊಂಡು ಹಿರಿಯೂರಿಗೆ ಹೋದರು. ಅವಳನ್ನು ಹಟ್ಟಿಯಲ್ಲಿ ಚಿತ್ತಮ್ಮನ ಜೊತೆ ಮಾತಿಗೆ ಕೂರಿಸಿದರು. ಚಿತ್ತಮ್ಮ ಈಗ ಬಿಂದಿಗೆ ಹೊರುತ್ತಿರಲಿಲ್ಲ, ಬೆಳಗಿನ ಹಾಲಿಗೂ ಬೇಕಾದವರೇ ಚೊಂಬು ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಮೇಷ್ಟ್ರು ತಾವೊಬ್ಬರೇ ಬಾರಿನ ಕಡೆ ನಡೆದರು. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಪೂನಾ ರಸ್ತೆಯ ಡ್ರೈವರುಗಳು ಅದಕ್ಕೆ ಕೊಸರು ಬಾರು ಎಂದೇ ಹೆಸರಿಟ್ಟಿದ್ದರು. ಮುರುಗಪ್ಪನ ಬಾಟಲಿ ಒಂದೂ ಲೆಕ್ಕ ತಪ್ಪಿರಲಿಲ್ಲ.

ಕಾಟಯ್ಯ ಮೇಷ್ಟ್ರನ್ನು ಕಂಡವನೇ ಮೂಲೆಯ ಮೇಜನ್ನು ಎರಡೆರಡು ಸಲ ಒರೆಸಿ ಕೂರಿಸಿದ. ಕೇಳದೆಯೇ ರಮ್ಮು ತಂದ. ಆ ಹಳೆಯ ಅಳತೆಯಲ್ಲಿ ಅಳೆದ, ಕೊಸರು ಹಾಕಿದ. ಮೇಷ್ಟ್ರು ಗ್ಲಾಸಿಗೆ ಕೈ ಚಾಚಿದರೆ, “ತಡೀರಿ” ಎಂದು ಒಳಗೆ ಹೋಗಿ, ಮೇಲಿನ ಹಲಗೆಯಿಂದ ಬೇರೊಂದು ಬಾಟಲಿ ತಂದು, ಅದೇ ಗ್ಲಾಸಿಗೆ ಇನ್ನೊಂದಿಷ್ಟು ಸುರಿದ.

ಮೇಷ್ಟ್ರ ಹುಬ್ಬು ಮೇಲೇರಿತು. “ಲೇ, ಅಳತೆ ಆತು, ಕೊಸರೂ ಆತು. ಇದೇನು ಮತ್ತೆ? ಯಜಮಾನನ ಮಾಲು...”

“ಯಜಮಾನ್ರದಲ್ಲ ಮೇಷ್ಟ್ರೆ, ಇದು ನನ್ ಬಾಟ್ಲು. ಮೊದಲ್ನೇ ಸಂಬಳದಾಗೆ ತಂದು ನೀವು ಬಂದಾಗ ಅಂತ ಇಟ್ಟೀನಿ. ನಿನ್ನದ್ರಾಗೆ ಹಾಕು ಅಂತ ನೀವೇ ಹೇಳಿದ್ರಲ್ಲ.”

“ಕೊಸರು ಆಗ್ಲೇ ಹಾಕಿದ್ಯಲ್ಲೋ.”

ಕಾಟಯ್ಯ ಬಗ್ಗಿ, ಪಕ್ಕದ ಮೇಜಿಗೆ ಕೇಳಿಸದ ಹಾಗೆ ಹೇಳಿದ. “ಅದು ಕೊಸರಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ದಿನಾ ಆ ಅಳತೆ ತೊಳೆದು ಒರೆಸೋನು ನಾನು. ತಳದ ಉಬ್ಬು ಬೆರಳಿಗೆ ಸಿಕ್ಕಲ್ವಾ?”

“ಯಾವಾಗಿಂದ ಗೊತ್ತು?”

“ನೀವು ಕೈಗೆ ಕೊಟ್ಟ ದಿನದಿಂದ. ಬೆಕ್ಕು ಮುಟ್ಟಿದ್ರೂ ಬೈಯೋ ಅಂಥ ಅಳತೆನ ನನ್ ಸಲುವಾಗಿ ಕುಟ್ಟೀರಿ. ಏನಂತ ಕೇಳ್ಲಿ? ಸುಮ್ಕಾದೆ. ಗಿರಾಕಿಗಳಿಗೆ ಅದು ನಡೀತೈತೆ, ಅವರೂ ಖುಷಿ, ಯಜಮಾನ್ರೂ ಖುಷಿ. ನಿಮಗೆ ಮಾತ್ರ ನಿಜವಾದ್ದು ಹಾಕಬೇಕು ಅನ್ಸಿತ್ತು.”

ಅಷ್ಟರಲ್ಲಿ ಯಾರೋ ಕರೆದರು, ಕಾಟಯ್ಯ ಹೋದ. ಮೇಷ್ಟ್ರು ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದರು. ಒಂದು ಬೆರಳಿನ ಗುರುತಿಲ್ಲ. ರಮ್ಮು ಅವರ ದಿನದ ಗೆರೆಗಿಂತ ಚೂರು ಮೇಲಿತ್ತು. ಇಷ್ಟು ವರ್ಷ ಒಂದು ಹನಿ ಹೆಚ್ಚು ಮುಟ್ಟದ ಮನುಷ್ಯ ಅದನ್ನು ಗುಟುಕು ಗುಟುಕಾಗಿ, ತಳದವರೆಗೂ ಕುಡಿದರು. ಅವರಿಗೆ ಹೇಳಲಾರದಷ್ಟು ಸಂತೋಷವಾಗಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

ವಾಪಸ್ಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ಸಣ್ಣಗೆ ಏನೋ ಗುನುಗಿಕೊಳ್ಳುತ್ತಿದ್ದರು. ಚಂದ್ರಕ್ಕ ಮೂಗಿಗೆ ಸೆರಗು ಹಿಡಿದು ಗಂಡನ ಮುಖವನ್ನೇ ನೋಡಿದಳು.

“ಯಾಕ್ರೀ, ಇವತ್ತು ಜಾಸ್ತಿ ಆತಾ?”

“ಹೂಂ,” ಎಂದರು ಮೇಷ್ಟ್ರು. “ಒಂದು ಕೊಸರು ಜಾಸ್ತಿ ಆತು.”